ಜಲಪಾತ ಕಾಣಲೆಂದು ಸೇತುವೆ ಕಿತ್ತ ಊರು: ಗ್ರೀನ್‌ವಿಲ್‌ನ ಫಾಲ್ಸ್ ಪಾರ್ಕ್ ಪ್ರಕರಣ

ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಗ್ರೀನ್‌ವಿಲ್ ದೊಡ್ಡ ಊರೇನಲ್ಲ. 2000ನೇ ಇಸವಿಯ ಜನಗಣತಿಯಲ್ಲಿ ನಗರದ ಎಲ್ಲೆಯೊಳಗೆ ಇದ್ದವರು ಸುಮಾರು 56,000 ಮಂದಿ, 2020ರಲ್ಲಿ 70,720. ನಮ್ಮಲ್ಲಾದರೆ ಇಷ್ಟು ಜನರ ಊರಿಗೆ ನಗರಸಭೆ ಸಿಕ್ಕಿದ್ದೇ ಹೆಚ್ಚು. ಈ ಊರಿನ ಪೇಟೆಬೀದಿಯ ಕೂಗಳತೆಯಲ್ಲೇ ರೀಡಿ ಎಂಬ ಸಣ್ಣ ನದಿ ಬಂಡೆಗಳ ಮೇಲಿಂದ ಹರಡಿಕೊಂಡು ಇಳಿಯುತ್ತದೆ. 1960ರಲ್ಲಿ ಆ ಜಲಪಾತದ ನೆತ್ತಿಯ ಮೇಲೆ ನಾಲ್ಕು ಪಥದ ರಸ್ತೆ ಸೇತುವೆ ಕಟ್ಟಿದರು, ಹೆಸರು ಕ್ಯಾಂಪರ್‌ಡೌನ್. 2002ರಲ್ಲಿ ಅದನ್ನು ಕೆಡವಿದರು. ಬೇರೆ ಕಡೆ ಸೇತುವೆ ಕೆಡವಿದರೆ ಅಲ್ಲೇ ಅದಕ್ಕಿಂತ ಅಗಲದ್ದು ಏಳುತ್ತದೆ. ಇಲ್ಲಿ ವಾಹನಕ್ಕೆ ಮತ್ತೆ ಸೇತುವೆಯನ್ನೇ ಕೊಡಲಿಲ್ಲ. 2004ರ ಸೆಪ್ಟೆಂಬರಿನಲ್ಲಿ ಅದೇ ಜಾಗದಲ್ಲಿ 32 ಎಕರೆಯ ಉದ್ಯಾನ ತೆರೆಯಿತು, ನಡೆಯುವವರಿಗೆ ಮಾತ್ರ ಒಂದು ಬಾಗಿದ ತೂಗುಸೇತುವೆ ಬಂತು. ಉದ್ಯಾನಕ್ಕೂ ಸೇತುವೆಗೂ ಸೇರಿ ಖರ್ಚು 134 ಲಕ್ಷ ಡಾಲರ್, ಅದರಲ್ಲಿ ಸೇತುವೆಯ ಪಾಲು ಸುಮಾರು 45 ಲಕ್ಷ.

ನಗರ ವಿನ್ಯಾಸದವರು ಈ ಊರನ್ನು ಮತ್ತೆ ಮತ್ತೆ ಎತ್ತಿ ತೋರಿಸುತ್ತಾರೆ. ಹಾಗೆ ತೋರಿಸುವಾಗ ಪರದೆಯ ಮೇಲೆ ಬರುವುದು ಸೇತುವೆಯ ಫೋಟೋ. ಆದರೆ ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಯಾವುದನ್ನು ಯಾವಾಗ ಮಾಡಿದರು ಎಂಬ ಸರದಿ. ಬೀದಿ, ಬೀದಿಯ ಎರಡು ತುದಿ, ನದಿ, ಕಡೆಗೆ ಕಲಾಕೃತಿ. ಇದಕ್ಕೆ ಹಿಡಿದದ್ದು ಕಾಲು ಶತಮಾನ. ಆ ಸರದಿ ಬಿಟ್ಟು ಸೇತುವೆಯೊಂದನ್ನೇ ನಕಲು ಮಾಡಿದ ಊರಿಗೆ ಸಿಗುವುದು ಸೆಲ್ಫಿ ತೆಗೆಯುವ ಜಾಗ, ಅಷ್ಟೆ.

ನದಿಗೆ ಬೆನ್ನು ಮಾಡಿದ ಊರು

ಊರು ಹುಟ್ಟಿದ್ದೇ ಈ ಜಲಪಾತದ ಬುಡದಲ್ಲಿ. 1760ರ ದಶಕದ ಕೊನೆಗೆ ರಿಚರ್ಡ್ ಪೇರಿಸ್ ಎಂಬ ವ್ಯಾಪಾರಿ ಇಲ್ಲಿ ಅಂಗಡಿಯನ್ನೂ ನೀರಿನಿಂದ ತಿರುಗುವ ಗಿರಣಿಯನ್ನೂ ಹಾಕಿದ. ಹತ್ತೊಂಬತ್ತನೇ ಶತಮಾನದಲ್ಲಿ ಹತ್ತಿ ಗಿರಣಿಗಳು ಬಂದವು. ನೀರು ಬೀಳುವಲ್ಲಿ ಗಿರಣಿ ಏಳುವುದು ಎಲ್ಲ ಕಡೆಯ ಕಥೆ. ಗೋಕಾಕ ಫಾಲ್ಸ್ ನೋಡಿದವರಿಗೆ ಈ ಚಿತ್ರ ಸಲೀಸಾಗಿ ಕಣ್ಣಿಗೆ ಕಟ್ಟುತ್ತದೆ: ಜಲಪಾತ, ದಂಡೆಯ ಮೇಲೆ ಹತ್ತಿ ಗಿರಣಿ, ಪಕ್ಕದಲ್ಲೇ ತೂಗುಸೇತುವೆ. ಆದರೆ ಘಟಪ್ರಭೆ 52 ಮೀಟರ್ ಆಳಕ್ಕೆ ಧುಮುಕುತ್ತಾಳೆ, ಅವಳ ಮುಂದೆ ರೀಡಿ ಬರೀ ಹಳ್ಳ. ಹಳ್ಳವಾದ್ದರಿಂದಲೇ ಅದನ್ನು ಮುಚ್ಚಿ ಹಾಕುವುದೂ ಸುಲಭವಾಯಿತು. ಗಿರಣಿಗಳು ಬಣ್ಣದ ನೀರು ಬಿಡುತ್ತಿದ್ದ ಕಾಲದಲ್ಲಿ ಜನ ಇದನ್ನು ಕಾಮನಬಿಲ್ಲಿನ ರೀಡಿ ಎಂದು ಗೇಲಿ ಮಾಡುತ್ತಿದ್ದರು. ಇವತ್ತು ನೀರು ಯಾವ ಬಣ್ಣ ಎಂದರೆ ಗಿರಣಿಯಲ್ಲಿ ಇವತ್ತು ಯಾವ ನೂಲಿಗೆ ಬಣ್ಣ ಹಾಕಿದ್ದಾರೆ ಎಂದು ಗೊತ್ತಾಗುತ್ತಿತ್ತು. ಅಂಥ ನೀರಿನ ಮೇಲೆ ರಸ್ತೆ ಹಾಸುವಾಗ ಏನೋ ಕಳೆದುಕೊಳ್ಳುತ್ತಿದ್ದೇವೆ ಎಂದು ಯಾರಿಗೂ ಅನಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಎಚ್ಚೆತ್ತವರು ಹೂದೋಟದ ಸಂಘದ ಹೆಂಗಸರು. 1967ರಲ್ಲಿ ಕೆರೊಲಿನಾ ಫುಟ್‌ಹಿಲ್ಸ್ ಗಾರ್ಡನ್ ಕ್ಲಬ್, ನಗರಾಡಳಿತ ಮತ್ತು ಫರ್ಮನ್ ವಿಶ್ವವಿದ್ಯಾಲಯದ ಜೊತೆ ಸೇರಿ ಸೇತುವೆಯ ಕೆಳಗಿನ 26 ಎಕರೆಯನ್ನು ಮುಳ್ಳುಪೊದೆಗಳಿಂದ ಬಿಡಿಸಿಕೊಂಡಿತು. ಆಮೇಲಿನ 35 ವರ್ಷ ಆ ಜಾಗ ಸೇತುವೆಯ ನೆರಳಿನಲ್ಲಿ, ಗೊತ್ತಿದ್ದವರಿಗೆ ಮಾತ್ರ ಗೊತ್ತು ಎಂಬಂತೆ ಉಳಿಯಿತು. ಇದನ್ನು ವ್ಯರ್ಥವೆಂದು ತಳ್ಳಿಹಾಕುವ ಹಾಗಿಲ್ಲ. ಜಮೀನು ಅಷ್ಟು ಹೊತ್ತಿಗೇ ಸಾರ್ವಜನಿಕರ ಕೈಯಲ್ಲಿ ಇದ್ದದ್ದರಿಂದ 2002ರಲ್ಲಿ ಭೂಸ್ವಾಧೀನದ ರಗಳೆ ಬೆಟ್ಟವಾಗಲಿಲ್ಲ.

ಬೀದಿ ಮೊದಲು

ನದಿಗೆ ಕೈ ಹಾಕುವುದಕ್ಕೆ ಇಪ್ಪತ್ತು ವರ್ಷ ಮುಂಚೆ ಪೇಟೆಬೀದಿಯ, ಅಂದರೆ ಮೇನ್ ಸ್ಟ್ರೀಟಿನ, ಕೆಲಸ ಮುಗಿದಿತ್ತು. 1971ರಿಂದ 1979ರವರೆಗೆ ಮೇಯರ್ ಆಗಿದ್ದ ಮ್ಯಾಕ್ಸ್ ಹೆಲ್ಲರ್ ಮೂಲತಃ ವಿಯೆನ್ನಾದವರು, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯಹೂದಿ. ಪೇಟೆ ಎಂದರೆ ಜನ ಕಾಲ್ನಡಿಗೆಯಲ್ಲಿ ಸುತ್ತಾಡುವ ಜಾಗ ಎಂಬುದು ಅವರಿಗೆ ಹುಟ್ಟೂರಿನ ನೆನಪು. ಅವರ ಕಾಲದಲ್ಲಿ ಭೂದೃಶ್ಯ ವಿನ್ಯಾಸಕ ಲಾರೆನ್ಸ್ ಹಾಲ್ಪ್ರಿನ್ ಮೇನ್ ಸ್ಟ್ರೀಟಿಗೆ ಯೋಜನೆ ಹಾಕಿಕೊಟ್ಟರು. ನಾಲ್ಕು ಪಥವನ್ನು ಎರಡಕ್ಕೆ ಇಳಿಸಿ, ಫುಟ್‌ಪಾತ್ ಅಗಲಿಸಿ, ಸಾಲುಮರ ನೆಟ್ಟು, ಕಾರುಗಳನ್ನು ಓರೆಯಾಗಿ ನಿಲ್ಲಿಸುವ ವ್ಯವಸ್ಥೆ ಮಾಡಿದರು.

ಓರೆ ಪಾರ್ಕಿಂಗ್ ಚಿಲ್ಲರೆ ವಿಷಯದಂತೆ ಕಾಣುತ್ತದೆ, ಆದರೆ ಅದು ಒಮ್ಮೆಗೇ ಮೂರು ಕೆಲಸ ಮಾಡುತ್ತದೆ. ಹಿಮ್ಮುಖವಾಗಿ ಹೊರಬರುವ ಕಾರಿಗೆ ಕಾಯಬೇಕಾದ್ದರಿಂದ ಬೀದಿಯ ವೇಗ ತಾನಾಗಿ ಇಳಿಯುತ್ತದೆ, ಹಂಪ್ ಹಾಕಬೇಕಿಲ್ಲ. ನಿಂತ ಕಾರುಗಳು ನಡೆಯುವವರಿಗೂ ಓಡುವ ವಾಹನಕ್ಕೂ ನಡುವೆ ಗೋಡೆಯಾಗುತ್ತವೆ. ಅಂಗಡಿಯವರಿಗೆ ತಮ್ಮ ಬಾಗಿಲ ಮುಂದೆ ಗಿರಾಕಿಯ ಕಾರು ಕಾಣುತ್ತದೆ, ಹಾಗಾಗಿ ಪಥ ಕಿತ್ತುಕೊಂಡರೆಂಬ ಗಲಾಟೆ ಅರ್ಧಕ್ಕರ್ಧ ಇಳಿಯುತ್ತದೆ. ಮೂರನೆಯದನ್ನು ಮರೆತು ಬರೀ ಫುಟ್‌ಪಾತ್ ಅಗಲಿಸಲು ಹೋದ ಊರುಗಳಲ್ಲಿ ವರ್ತಕರ ಸಂಘದ ಮನವಿಪತ್ರ ಮರುದಿನವೇ ಬರುತ್ತದೆ.

ಸಾಲುಮರದ ವಿಷಯದಲ್ಲಿ ಎಲ್ಲ ಊರುಗಳೂ ಮಾಡುವ ತಪ್ಪು ಒಂದೇ: ಮೇಲಿನ ಮರವನ್ನು ಚಿತ್ರದಲ್ಲಿ ಬರೆಯುತ್ತಾರೆ, ಕೆಳಗಿನ ಮಣ್ಣನ್ನು ಬರೆಯುವುದಿಲ್ಲ. ದೊಡ್ಡದಾಗಿ ಬೆಳೆಯುವ ಒಂದು ಮರಕ್ಕೆ ಸುಮಾರು 1,000 ಘನ ಅಡಿ, ಅಂದರೆ 28 ಘನ ಮೀಟರಿನಷ್ಟು ಸಡಿಲ ಮಣ್ಣು ಬೇಕೆಂಬುದು ಈಗಿನ ರೂಢಿ. ನಾಲ್ಕಡಿ ಚೌಕದ ಗುಂಡಿ ಮೂರಡಿ ಆಳ ತೋಡಿದರೂ ಸಿಗುವುದು 48 ಘನ ಅಡಿ. ಅಲ್ಲಿ ಬೇರು ಹೊರಗೆ ದಾರಿ ಹುಡುಕುತ್ತದೆ, ಹಾಸುಗಲ್ಲನ್ನು ಎತ್ತುತ್ತದೆ, ಯಾರೋ ಎಡವುತ್ತಾರೆ, ಬೇರು ಕಡಿಯುತ್ತಾರೆ, ಮುಂದಿನ ಗಾಳಿಗೆ ಮರ ಉರುಳುತ್ತದೆ. ಬುಡದ ಸುತ್ತ ಹಾಕಿದ ಕಬ್ಬಿಣದ ಜಾಲರಿಯನ್ನು ಕಾಂಡ ದಪ್ಪವಾದಂತೆ ಕತ್ತರಿಸುತ್ತ ಹೋಗದಿದ್ದರೆ ಅದೇ ಮರಕ್ಕೆ ಉರುಳಾಗುತ್ತದೆ.

ಆಮೇಲೆ ಬೀದಿಗೆ ತುದಿಗಳು ಬಂದವು. ಉತ್ತರದ ತುದಿಗೆ 1982ರಲ್ಲಿ ಹಯಾಟ್ ಹೋಟೆಲು, ನದಿಯ ಕಡೆಗೆ 1990ರಲ್ಲಿ ಪೀಸ್ ಸೆಂಟರ್ ಎಂಬ ರಂಗಮಂದಿರ. ಸಂಜೆ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಜನರಿಗೆ ಕಾರಣ ಸಿಕ್ಕಿತು. ರಂಗಮಂದಿರದಿಂದ ಹೊರಬಂದವರಿಗೆ ನಾಲ್ಕು ಹೆಜ್ಜೆ ಆಚೆ ನೀರಿನ ಸದ್ದು ಕೇಳುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಸೇತುವೆ ಕೀಳುವ ಮಾತಿಗೆ ಜನ ಕಿವಿಗೊಟ್ಟದ್ದಕ್ಕೆ ಇದೂ ಒಂದು ಕಾರಣ.

ಕೀಳುವ ಕೆಲಸ

1995ರಲ್ಲಿ ಮೇಯರ್ ಆದ ನಾಕ್ಸ್ ವೈಟ್ ಸೇತುವೆ ತೆಗೆಯುವುದನ್ನು ಮುಂದಿಟ್ಟಾಗ ಊರು ಒಪ್ಪಲಿಲ್ಲ. ತಕರಾರು ಎರಡು ಬಗೆಯದು. ವಾಹನ ಎಲ್ಲಿ ಹೋಗಬೇಕು ಎಂಬುದು ಮೊದಲನೆಯದು. ಎರಡನೆಯದನ್ನು ಯಾರೂ ಅಷ್ಟು ಬಿಚ್ಚಿ ಹೇಳುವುದಿಲ್ಲ: ಅಲ್ಲಿ ನೋಡುವಂಥದ್ದೇನಿದೆ? ಊರಿನ ಎಷ್ಟೋ ಜನ ಜಲಪಾತವನ್ನು ಕಂಡೇ ಇರಲಿಲ್ಲ, ಕಾಣದ್ದಕ್ಕಾಗಿ ಕಾಣುವುದನ್ನು ಬಿಡಿ ಎಂದರೆ ಯಾರು ಬಿಡುತ್ತಾರೆ?

ವಾಹನದ ಪ್ರಶ್ನೆಗೆ ಉತ್ತರ ಬೀದಿಗಳ ಜಾಲದಲ್ಲೇ ಇತ್ತು. ಮೇನ್ ಸ್ಟ್ರೀಟಿನ ಸೇತುವೆ ಪಕ್ಕದಲ್ಲೇ ಇತ್ತು, ಸ್ವಲ್ಪ ಆಚೆ ಚರ್ಚ್ ಸ್ಟ್ರೀಟಿನದು. ಹತ್ತಿರ ಹತ್ತಿರ ಹಲವು ದಾರಿ ಇರುವಲ್ಲಿ ಒಂದನ್ನು ಮುಚ್ಚಿದರೆ ಅದರ ವಾಹನವೆಲ್ಲ ಪಕ್ಕದ ಒಂದೇ ದಾರಿಗೆ ಬಂದು ಬೀಳುವುದಿಲ್ಲ. ಚೂರು ಚೂರಾಗಿ ಹಲವು ಕಡೆ ಹಂಚಿಹೋಗುತ್ತದೆ, ಕೆಲವು ಓಡಾಟ ನಿಂತೇ ಹೋಗುತ್ತದೆ. ಆದರೆ ಈ ಲೆಕ್ಕ ಜಾಲ ಇರುವ ಊರಿಗೆ ಮಾತ್ರ. ಹೊಳೆ ದಾಟಲು ಇರುವುದೇ ಒಂದು ಸೇತುವೆ ಎಂಬಲ್ಲಿ ಗ್ರೀನ್‌ವಿಲ್ಲನ್ನು ಉದಾಹರಣೆ ಕೊಡುವುದು ಮೋಸ.

ಯಾವ ಕೆಲಸದಲ್ಲೂ ಗೋಜಲಾಗುವುದು ಒಡೆತನದ ಕಾಗದ. ರಸ್ತೆ ಸೇತುವೆಗಳು ರಾಜ್ಯ ಸಾರಿಗೆ ಇಲಾಖೆಯವು, ನದಿದಂಡೆ ನಗರದ್ದು. ನಮ್ಮಲ್ಲಿ ಲೋಕೋಪಯೋಗಿ ಇಲಾಖೆ ಮತ್ತು ನಗರಸಭೆಯ ನಡುವೆ ನಡೆಯುವ ಪತ್ರವ್ಯವಹಾರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೇತುವೆ ನಗರದ ಕೈಗೆ ಬರದೆ ಒಂದು ಕಲ್ಲನ್ನೂ ಅಲುಗಿಸುವಂತಿರಲಿಲ್ಲ, ಕೈಗೆ ಬಂತೆಂದರೆ ಅದರ ಹೊರೆಯೂ ಬಂದಂತೆ. ದುಡ್ಡಿನ ಮೂಲವೂ ಗಮನಿಸಬೇಕಾದ್ದು. ಹೋಟೆಲು ಊಟ, ತಿಂಡಿ, ಪಾನೀಯದ ಮೇಲೆ ಹಾಕುವ 2% ಆತಿಥ್ಯ ತೆರಿಗೆಯಿಂದ ಉದ್ಯಾನಕ್ಕೆ ಹಣ ಬಂತು. ಆ ತೆರಿಗೆಯನ್ನು ಪ್ರವಾಸಕ್ಕೆ ಸಂಬಂಧಪಟ್ಟ ಕೆಲಸಕ್ಕೇ ಬಳಸಬೇಕೆಂಬ ಕಾನೂನಿದೆ. ಹಾಗಾಗಿ ಚರಂಡಿ ರಿಪೇರಿಯ ದುಡ್ಡು ತಿಂದು ಪಾರ್ಕ್ ಮಾಡಿದರು ಎಂಬ ಮಾತಿಗೆ ಜಾಗವಿರಲಿಲ್ಲ. ಮನೆಕಂದಾಯ ಏರಿಸದೆ ಹೋಟೆಲಿನ ಬಿಲ್ಲಿನಲ್ಲಿ ವಸೂಲಿ ಮಾಡಿದ್ದು ಜಾಣತನ, ಆ ಬಿಲ್ಲಿನ ಬಹುಪಾಲು ಕಟ್ಟುವವರು ಆಮೇಲೆ ಜಲಪಾತ ನೋಡಲು ಬಂದವರೇ.

ಒಂದೇ ಕಡೆ ಹಿಡಿದ ಮೊರ

ದೊಡ್ಡ ಸೇತುವೆ ತೆಗೆದ ಮೇಲೆ ಮತ್ತೊಂದನ್ನು ಕಟ್ಟುವುದರಲ್ಲಿ ಒಂದು ಅಪಾಯವಿತ್ತು: ಇದೂ ನೀರಿಗೆ ಅಡ್ಡವಾದರೆ? ಬಾಸ್ಟನ್ನಿನ ವಾಸ್ತುಶಿಲ್ಪಿ ಮಿಗೆಲ್ ರೊಸಾಲೆಸ್ ಮತ್ತು ಜರ್ಮನಿಯ ಶ್ಲೈಖ್ ಬೆರ್ಗರ್‌ಮನ್ ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉತ್ತರವೇ ಲಿಬರ್ಟಿ ಬ್ರಿಜ್. ಉದ್ದ ಸುಮಾರು 350 ಅಡಿ, ಅಗಲ 12 ಅಡಿ, ನಡೆಯುವ ಹಾಸು 8 ಇಂಚು ದಪ್ಪದ ಕಾಂಕ್ರೀಟ್. ನದಿಯ ಮೇಲಿನ ಸುಮಾರು 200 ಅಡಿಗೆ ಕೆಳಗಿನಿಂದ ಕಂಬವಿಲ್ಲ. ಇಡೀ ಸೇತುವೆ 214 ಅಡಿ ತ್ರಿಜ್ಯದ ವೃತ್ತದ ಒಂದು ತುಂಡು, ಅದರ ಒಳಬಾಗು ಜಲಪಾತದ ಕಡೆ. ಮೇಲೆ ನಿಂತವರಿಗೆ ನಾಟಕದ ಮನೆಯ ಬಾಲ್ಕನಿಯಲ್ಲಿ ನಿಂತಂತೆ, ಎಲ್ಲಿ ನಿಂತರೂ ನೀರು ಎದುರಿಗೇ. ತೂಗುವ ಕೇಬಲುಗಳೆಲ್ಲ ಹೊರಬಾಗಿನ ಅಂಚಿನಲ್ಲಿ, ಅಂದರೆ ನೋಡುವವರ ಬೆನ್ನ ಹಿಂದೆ. ಎದುರಿಗೆ ಕಟಕಟೆ ಬಿಟ್ಟರೆ ಬೇರೇನೂ ಇಲ್ಲ.

ಹೇಳಲು ಸುಲಭ. ಆದರೆ ಮೊರವನ್ನು ಒಂದೇ ಅಂಚಿನಲ್ಲಿ ಹಿಡಿದು ಎರಡು ಸೇರು ಅಕ್ಕಿ ಸುರಿದು ನೋಡಿ. ಎದುರಂಚು ಕೆಳಗೆ ವಾಲುತ್ತದೆ, ಅದನ್ನು ತಡೆಯುವುದು ನಿಮ್ಮ ಮಣಿಕಟ್ಟು. ಒಂದೇ ಬದಿಯಲ್ಲಿ ತೂಗುಬಿಟ್ಟ ಸೇತುವೆಗೆ ಆ ಮಣಿಕಟ್ಟು ಎಲ್ಲಿಂದ ಬರಬೇಕು? ಸೇತುವೆ ನೇರವಾಗಿದ್ದರೆ ತಿರುಚನ್ನು ತಡೆಯಲು ಕೆಳಗೆ ದಪ್ಪನೆಯ ಉಕ್ಕಿನ ಪೆಟ್ಟಿಗೆ ತೊಲೆ ಬೇಕಾಗುತ್ತದೆ, ಹಗುರ ನೋಟ ಅಲ್ಲಿಗೆ ಮುಗಿಯಿತು. ಬಾಗಿದ ಸೇತುವೆಗೆ ಬಾಗೇ ಮಣಿಕಟ್ಟು. ಒಳ ಅಂಚು ಕೆಳಗೆ ವಾಲಲು ಹೊರಟಾಗ ಮೇಲಿನ ಕಾಂಕ್ರೀಟ್ ಹಾಸು ವೃತ್ತದ ಕೇಂದ್ರದತ್ತ ಸರಿಯಲು ನೋಡುತ್ತದೆ, ಹಾಸಿನ ಕೆಳಗೆ ಅದೇ ಬಾಗಿನಲ್ಲಿ ಓಡುವ ಉಕ್ಕಿನ ಕೇಬಲ್ ಹೊರಕ್ಕೆ. ಕೇಂದ್ರದತ್ತ ಒತ್ತಿದ ಹಾಸು ಮಲಗಿಸಿದ ಕಮಾನು, ಅದಕ್ಕೆ ಬರುವುದು ಒತ್ತಡ. ಹೊರಕ್ಕೆ ಜಗ್ಗಿದ ಕೇಬಲ್ ಮಲಗಿಸಿದ ಉಯ್ಯಾಲೆ ಹಗ್ಗ, ಅದಕ್ಕೆ ಬರುವುದು ಎಳೆತ. ಕಾಂಕ್ರೀಟಿಗೆ ಒತ್ತಡ ಒಗ್ಗುತ್ತದೆ, ಉಕ್ಕಿನ ಕೇಬಲ್ಲಿಗೆ ಎಳೆತ. ಎರಡೂ ತಮ್ಮ ತಮ್ಮ ಸ್ವಭಾವದ ಕೆಲಸವನ್ನೇ ಮಾಡುತ್ತ ಒಂದನ್ನೊಂದು ತಿರುಗದಂತೆ ಹಿಡಿಯುತ್ತವೆ. ಬಾಗು ಇಲ್ಲಿ ಬರೀ ಚೆಂದಕ್ಕೆ ಬಂದದ್ದಲ್ಲ, ಅದನ್ನು ತೆಗೆದರೆ ಸೇತುವೆಯೇ ನಿಲ್ಲುವುದಿಲ್ಲ.

ಭಾರ ಎಷ್ಟು ಎಂಬುದನ್ನು ಕಾಗದದ ಮೇಲೆ ನೋಡಿದರೆ ಇದರ ಗಾತ್ರ ತಿಳಿಯುತ್ತದೆ. ಒಂದಡಿ ಉದ್ದದ ಹಾಸಿನಲ್ಲಿ 8 ಘನ ಅಡಿ ಕಾಂಕ್ರೀಟ್. ಘನ ಅಡಿಗೆ 68 ಕಿಲೋ ಹಿಡಿದರೆ ಸುಮಾರು 545 ಕಿಲೋ. ಕಂಬವಿಲ್ಲದ 200 ಅಡಿಗೆ 109 ಟನ್. ಪಾದಚಾರಿ ಸೇತುವೆಗೆ ಜನರ ಭಾರವನ್ನು ಚದರ ಅಡಿಗೆ 90 ಪೌಂಡ್ ಎಂದು ಹಿಡಿದರೆ 2,400 ಚದರ ಅಡಿಗೆ ಮತ್ತೆ 98 ಟನ್. ಜಾತ್ರೆಯ ದಿನದ ಜನದ ತೂಕ ಸೇತುವೆಯ ತೂಕಕ್ಕೆ ಸರಿಸಮ! ರಸ್ತೆ ಸೇತುವೆಯ ಲೆಕ್ಕದಲ್ಲಿ ಪಳಗಿದ ಎಂಜಿನಿಯರು ಕಾಲುಸೇತುವೆಯನ್ನು ಹಗುರವಾಗಿ ಎಣಿಸುವುದು ಇಲ್ಲೇ.

ಈ ಭಾರವನ್ನೆಲ್ಲ ಹೊತ್ತಿರುವುದು 90 ಅಡಿ ಎತ್ತರದ ಎರಡು ಉಕ್ಕಿನ ಕಂಬ, ಒಂದೊಂದೂ 28 ಟನ್ನಿಗಿಂತ ಹೆಚ್ಚು, 15 ಡಿಗ್ರಿ ಓರೆಯಾಗಿ ನಿಂತಿವೆ. ಕಾಂಕ್ರೀಟ್ ಹಾಸನ್ನು ಆರಿಸಿದ್ದಕ್ಕೆ ಇನ್ನೂ ಒಂದು ಲಾಭವಿದೆ. ಜನ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತಾರೆ. ಎಡಕ್ಕೆ ಬಲಕ್ಕೆ ತಳ್ಳುವುದು ಅದರ ಅರ್ಧ ವೇಗದಲ್ಲಿ. ಹಗುರ ಸೇತುವೆಯ ಸಹಜ ಓಲಾಟ ಈ ವೇಗಕ್ಕೆ ಹೊಂದಿಕೊಂಡರೆ ಜನ ತಮಗೆ ತಿಳಿಯದೆ ಅದರ ತಾಳಕ್ಕೆ ಹೆಜ್ಜೆ ಹಾಕತೊಡಗುತ್ತಾರೆ. ಲಂಡನ್ನಿನ ಮಿಲೆನಿಯಮ್ ಸೇತುವೆ 2000ದ ಜೂನ್ 10ರಂದು ತೆರೆದು ಎರಡೇ ದಿನಕ್ಕೆ ಮುಚ್ಚಿದ್ದು ಇದರಿಂದಲೇ, ಓಲಾಟ ತಡೆಯುವ ಡ್ಯಾಂಪರ್ ಕೂರಿಸಿ ಮತ್ತೆ ತೆರೆಯಲು 2002 ಬಂತು. ಭಾರವಾದ ಹಾಸು, ಅಡ್ಡಕ್ಕೆ ಬಿಗಿ ಕೊಡುವ ಬಾಗು, ಇವೆರಡೂ ಈ ತೊಂದರೆಯನ್ನು ಬಹಳ ತಗ್ಗಿಸುತ್ತವೆ.

ಈ ಜಾತಿಯ ಸೇತುವೆ ಕಟ್ಟುವಾಗ ಎಡವುವ ಜಾಗ ಉದ್ದದ ಲೆಕ್ಕ. ತೂಗು ಕೇಬಲುಗಳನ್ನು ಕಾರ್ಖಾನೆಯಲ್ಲೇ ಕತ್ತರಿಸಿ ತುದಿಗೆ ಸಾಕೆಟ್ ಎಂಬ ಉಕ್ಕಿನ ಹಿಡಿ ಕೂರಿಸಿ ತರುತ್ತಾರೆ. ಭಾರ ಬಿದ್ದ ಮೇಲೆ ಕೇಬಲ್ ಹಿಗ್ಗುತ್ತದೆ, ಕಂಬ ಕೊಂಚ ಬಾಗುತ್ತದೆ; ಭಾರವಿಲ್ಲದಾಗ ತಪ್ಪಾಗಿ ಕಾಣುವ ಆಕಾರ ಭಾರ ಬಿದ್ದ ಮೇಲೆ ಸರಿಯಾಗಬೇಕು. ಬಿಸಿಲನ್ನೂ ಸೇರಿಸಿಕೊಳ್ಳಿ: 100 ಮೀಟರ್ ಉಕ್ಕು 30 ಡಿಗ್ರಿ ಏರಿಳಿತಕ್ಕೆ 36 ಮಿಲಿಮೀಟರ್ ಉದ್ದವಾಗುತ್ತದೆ. ಹಾಗಾಗಿ ಅಳತೆಯನ್ನು ಬೆಳಗಿನ ಜಾವ, ಎಲ್ಲ ಭಾಗವೂ ಒಂದೇ ತಂಪಿನಲ್ಲಿ ಇರುವಾಗ ತೆಗೆದುಕೊಳ್ಳಬೇಕು. ಮಧ್ಯಾಹ್ನ ಅಳೆದು ಬಿಗಿ ಮಾಡಿದರೆ ರಾತ್ರಿಗೆ ಲೆಕ್ಕ ತಪ್ಪುತ್ತದೆ.

ಇಳಿಜಾರಿನ ಬಗ್ಗೆಯೂ ಒಂದು ಮಾತು. ಒಂದು ದಡ ಇನ್ನೊಂದಕ್ಕಿಂತ ಎತ್ತರ, ಸೇತುವೆ ಸುಮಾರು 3% ಇಳಿಜಾರಿನಲ್ಲಿ ಅದನ್ನು ಸರಿದೂಗಿಸುತ್ತದೆ. ಅಮೆರಿಕದ ನಿಯಮದಲ್ಲಿ 5% ದಾಟಿದರೆ ಅದು ರ್‍ಯಾಂಪ್. ಆಗ ಎರಡೂ ಕಡೆ ಹಿಡಿಗಂಬಿ, ನಡುನಡುವೆ ಸಮತಟ್ಟು ಜಾಗ ಕಡ್ಡಾಯ. 3%ಕ್ಕೆ ನಿಲ್ಲಿಸಿದ್ದರಿಂದ ಗಾಲಿಕುರ್ಚಿಯವರೂ ತಳ್ಳುಗಾಡಿಯಲ್ಲಿ ಮಗುವನ್ನು ತಂದವರೂ ಎಲ್ಲರ ಜೊತೆ ಅದೇ ದಾರಿಯಲ್ಲಿ ಹೋಗುತ್ತಾರೆ, ಅವರಿಗೆಂದು ಹಿತ್ತಲ ದಾರಿ ಬೇಕಾಗಲಿಲ್ಲ.

ಪಾದದೆತ್ತರದ ಕಲೆ

ಉದ್ಯಾನದಲ್ಲಿ ಜೋಯೆಲ್ ಶಪಿರೋ, ಬ್ರಯಾನ್ ಹಂಟ್ ಅವರಂಥ ಹೆಸರಾಂತರ ಶಿಲ್ಪಗಳಿವೆ. ಆದರೆ ಊರಿಗೆ ಬಂದ ಮಕ್ಕಳು ಹುಡುಕುವುದು ಮೇನ್ ಸ್ಟ್ರೀಟಿನ ಒಂಬತ್ತು ಇಲಿಗಳನ್ನು. 2000ನೇ ಇಸವಿಯಲ್ಲಿ ಪ್ರೌಢಶಾಲೆಯ ಒಬ್ಬ ವಿದ್ಯಾರ್ಥಿ ಕೊಟ್ಟ ಯೋಚನೆ, ಕಂಚಿನಲ್ಲಿ ಮಾಡಿದವರು ಶಿಲ್ಪಿ ಝ್ಯಾನ್ ವೆಲ್ಸ್. ಹಯಾಟಿನಿಂದ ಹಳೆಯ ಪಾಯಿನ್‌ಸೆಟ್ ಹೋಟೆಲಿನವರೆಗೆ, ಗೋಡೆಯ ಅಂಚಿನಲ್ಲೋ ಕಟ್ಟೆಯ ಮೂಲೆಯಲ್ಲೋ, ಅಂಗೈಯಲ್ಲಿ ಹಿಡಿಸುವಷ್ಟೇ ಗಾತ್ರದ ಇಲಿ ಕೂತಿರುತ್ತದೆ. ಎಲ್ಲಿದೆ ಎಂದು ಬೋರ್ಡಿಲ್ಲ, ಒಗಟಿನ ಚೀಟಿ ಹಿಡಿದು ಹುಡುಕಬೇಕು.

ಇಷ್ಟು ಸಣ್ಣ ವಸ್ತು ಒಂದು ಪೇಟೆಗೆ ಏನು ಮಾಡಬಲ್ಲದು? ಲೆಕ್ಕ ಸರಳ. ದೊಡ್ಡ ಪ್ರತಿಮೆಯನ್ನು ಜನ ದೂರದಿಂದಲೇ ನೋಡಿ ಮುಗಿಸುತ್ತಾರೆ. ಇಲಿಯನ್ನು ಕಾಣಬೇಕಾದರೆ ನಿಲ್ಲಬೇಕು, ಬಗ್ಗಬೇಕು, ರಸ್ತೆ ದಾಟಬೇಕು, ಒಂಬತ್ತೂ ಸಿಗಬೇಕಾದರೆ ಬೀದಿಯ ಉದ್ದಕ್ಕೂ ನಡೆಯಬೇಕು. ಮಗು ಹುಡುಕುತ್ತಿರುವಷ್ಟು ಹೊತ್ತು ಅಪ್ಪ ಅಮ್ಮ ಅಂಗಡಿಯ ಮುಂದೆ ನಿಂತಿರುತ್ತಾರೆ. ಆದರೆ ನಾಲ್ಕು ಪಥದ ಬಿರುಸಿನ ಬೀದಿಯಲ್ಲಿ ಇದನ್ನೇ ಇಟ್ಟಿದ್ದರೆ ಮಕ್ಕಳನ್ನು ಅಪಾಯಕ್ಕೆ ಕರೆದಂತಾಗುತ್ತಿತ್ತು. ಹಾಲ್ಪ್ರಿನ್ ಪಥ ಕಡಿಮೆ ಮಾಡಿದ ಇಪ್ಪತ್ತು ವರ್ಷದ ಮೇಲೆ ಬಂದದ್ದರಿಂದ ಇಲಿಗಳು ಬದುಕಿದವು.

ಇಂಥ ಸಣ್ಣ ಕಂಚಿನ ಕೃತಿ ಕೂರಿಸುವ ಕೆಲಸದಲ್ಲಿ ಕೆಡುವುದು ಕೃತಿಗಿಂತ ಮುಂಚೆ ಅದರ ಬುಡ. ಬೊಂಬೆಯನ್ನು ಮೇಣದ ಎರಕದಲ್ಲಿ ತೆಗೆಯುತ್ತಾರೆ. ಅಮೆರಿಕದ ಎರಕದ ಮನೆಗಳಲ್ಲಿ ಸಾಮಾನ್ಯವಾಗಿ ಸಿಲಿಕಾನ್ ಕಂಚು, ಅದರಲ್ಲಿ ತಾಮ್ರ ಸುಮಾರು 95%, ಸಿಲಿಕಾನ್ 4%, ಮ್ಯಾಂಗನೀಸ್ 1%. ಅಡಿಯಲ್ಲಿ ಎರಡು ಸರಳು ಬೇಕು, ಒಂದೇ ಇದ್ದರೆ ತಿರುಚಿ ಕಿತ್ತುಕೊಳ್ಳುತ್ತಾರೆ. ಸರಳು ಸ್ಟೇನ್‌ಲೆಸ್ ಅಥವಾ ಕಂಚಿನದೇ ಆಗಿರಬೇಕು, ಎಪಾಕ್ಸಿ ಅಂಟು ಕಚ್ಚಿಕೊಳ್ಳಲು ತಿರುಪಿನ ಗೆರೆ ಹಾಕಿರಬೇಕು. 12 ಮಿಲಿಮೀಟರ್ ಸರಳಿಗೆ 14ರ ತೂತು, ಆಳ 100 ಮಿಲಿಮೀಟರ್. ಕೊರೆದ ಪುಡಿಯನ್ನು ಬ್ರಷ್ ಹಾಕಿ, ಗಾಳಿ ಊದಿ ಪೂರ್ತಿ ತೆಗೆಯದಿದ್ದರೆ ಎಪಾಕ್ಸಿ ಹಿಡಿಯುವುದು ಕಲ್ಲನ್ನಲ್ಲ, ಪುಡಿಯನ್ನು. ಆರು ತಿಂಗಳಿಗೆ ಬೊಂಬೆ ಅಲುಗುತ್ತದೆ. ಕೈಗೆ ಸಿಕ್ಕಿತೆಂದು ಸಾದಾ ಕಬ್ಬಿಣದ ಸರಳು ಹಾಕಿದರೆ ಇನ್ನೂ ಕೆಟ್ಟದ್ದು. ಕಂಚಿನ ಜೊತೆ ನೀರು ಸೇರಿದಾಗ ಕಬ್ಬಿಣವೇ ಮೊದಲು ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕೆಳಗಿನ ಕಲ್ಲನ್ನೇ ಸೀಳುತ್ತದೆ.

ಆರೈಕೆ ವರ್ಷಕ್ಕೆ ಒಂದೆರಡು ಸಲ: ಖಾರವಿಲ್ಲದ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಕೊಂಚ ಬಿಸಿ ಮಾಡಿ ತೆಳುವಾಗಿ ಮೇಣ ಹಚ್ಚಿ ಬಟ್ಟೆಯಲ್ಲಿ ಉಜ್ಜುವುದು. ನಮ್ಮ ಕಡೆ ಯಾರಾದರೂ ಅಕ್ಕರೆಯಿಂದ ಹುಣಸೆಹಣ್ಣು ಹಾಕಿ ತಿಕ್ಕಿಬಿಡುವ ಭಯ ಉಂಟು. ಹುಳಿ ತಗುಲಿದರೆ ಶಿಲ್ಪಿ ಕೊಟ್ಟ ಕಂದು ಬಣ್ಣದ ಪದರವೆಲ್ಲ ಎದ್ದುಹೋಗುತ್ತದೆ. ಮಕ್ಕಳ ಕೈ ಸವರಿ ಹೊಳಪು ಬಂದ ಮೂಗನ್ನು ಮಾತ್ರ ಹಾಗೇ ಬಿಡುವುದು ಒಳ್ಳೆಯದು.

ಬೇಸ್‌ಬಾಲ್ ಆಟಗಾರ ಶೂಲೆಸ್ ಜೋ ಜಾಕ್ಸನ್ ಇದೇ ಊರಿನ ಗಿರಣಿಯಲ್ಲಿ ದುಡಿದವರು. ಅವರ ಪ್ರತಿಮೆಯನ್ನು ಶಿಲ್ಪಿ ಡಗ್ ಯಂಗ್ ಸಿಟಿ ಹಾಲಿನ ಮೊಗಸಾಲೆಯಲ್ಲೇ, ಕಂದಾಯ ಕಟ್ಟಲು ಬಂದವರೂ ನೋಡುವಂತೆ ಮಾಡಿದರು. 2002ರಲ್ಲಿ ಅದನ್ನು ನಿಲ್ಲಿಸಿದ ಪೀಠಕ್ಕೆ ಬಳಸಿದ್ದು ಜಾಕ್ಸನ್ ಆಡಿದ ಷಿಕಾಗೋದ ಕೊಮಿಸ್ಕಿ ಪಾರ್ಕಿನ ಇಟ್ಟಿಗೆ. ಪರದೆ ಸರಿಸಿ ಅನಾವರಣ ಮಾಡುವ ನಮ್ಮ ಪದ್ಧತಿಗಿಂತ ಇದು ವಾಸಿ. ಮಾಡುವಾಗಲೇ ನೋಡಿದವರು ಮುಖ ಹೋಲುವುದಿಲ್ಲ ಎಂದು ಆಮೇಲೆ ಜಗಳಕ್ಕೆ ಬರುವುದು ಕಡಿಮೆ.

ಮೇನ್ ಮತ್ತು ವಾಷಿಂಗ್ಟನ್ ಬೀದಿಗಳು ಸೇರುವ ಮೂಲೆಯಲ್ಲಿ ಬೇರೆಯೇ ಧಾಟಿಯ ಕೃತಿಯಿದೆ. ಸ್ಟರ್ಲಿಂಗ್ ಪ್ರೌಢಶಾಲೆಯ ಇಬ್ಬರು ವಿದ್ಯಾರ್ಥಿಗಳು, ಹುಡುಗ ಮತ್ತು ಹುಡುಗಿ, ಮೆಟ್ಟಿಲಿಳಿದು ಬರುತ್ತಿದ್ದಾರೆ. ಶಿಲ್ಪಿ ಮರಿಯಾ ಕರ್ಬಿ-ಸ್ಮಿತ್. ಅದು ಕಪ್ಪುವರ್ಣೀಯರ ಶಾಲೆ, 1967ರಲ್ಲಿ ಸುಟ್ಟುಹೋಯಿತು. 1960ರಲ್ಲಿ ಬಿಳಿಯರಿಗೆ ಮೀಸಲಾದ ಊಟದ ಕೌಂಟರುಗಳಲ್ಲಿ ಕೂತು ಪ್ರತಿಭಟಿಸಿದವರಲ್ಲಿ ಆ ಶಾಲೆಯವರಿದ್ದರು, ಪ್ರತಿಮೆ ನಿಂತಿರುವುದು ಅಂಥ ಕೌಂಟರಿದ್ದ ವೂಲ್‌ವರ್ತ್ ಅಂಗಡಿಯ ಜಾಗದಲ್ಲೇ. ಯಾವುದೋ ಉದ್ಯಾನದ ಮೂಲೆಯಲ್ಲಿ ಇಟ್ಟಿದ್ದರೆ ಇದು ಇನ್ನೊಂದು ಸ್ಮಾರಕ ಆಗುತ್ತಿತ್ತು. ಇಲ್ಲಿ ಐಸ್‌ಕ್ರೀಮ್ ತಿನ್ನುತ್ತ ಬರುವವರು ಇದನ್ನು ಬಳಸಿಕೊಂಡೇ ಮುಂದೆ ಹೋಗಬೇಕು.

ಆಗದೇ ಉಳಿದದ್ದು

ಜಲಪಾತ ಕಾಣುವಂತಾಯಿತು, ಆದರೆ ಆ ನೀರಿನಲ್ಲಿ ಈಜಬಾರದು ಎಂಬ ಎಚ್ಚರಿಕೆ ಇದೆ. ಗಿರಣಿಗಳ ಬಣ್ಣ ಹೋಗಿ ದಶಕಗಳಾದವು. ಈಗಿನದು ಊರಿನ ಬೀದಿ, ಪಾರ್ಕಿಂಗ್, ತಾರಸಿಗಳಿಂದ ಮಳೆನೀರಿನ ಜೊತೆ ಬರುವ ಕೊಳೆ ಮತ್ತು ರೋಗಾಣು. ನದಿ ಹುಟ್ಟುವುದು ಊರಿನ ಸಮೀಪದಲ್ಲೇ, ಜಲಾನಯನ ಚಿಕ್ಕದು, ಅದರ ಬಹುಪಾಲು ಕಟ್ಟಡ ಮತ್ತು ಡಾಂಬರು. ಹಾಗಾಗಿ ಜೋರು ಮಳೆ ಬಿದ್ದರೆ ನೀರು ಗಂಟೆಗಳಲ್ಲೇ ಕೆಂಪಾಗಿ ಉಬ್ಬಿ ಬರುತ್ತದೆ, ದಂಡೆಯ ತಗ್ಗಿನ ದಾರಿಗಳು ಮುಳುಗುತ್ತವೆ. ಇಂಥ ಕಡೆ ತಗ್ಗಿನಲ್ಲಿ ಹಾಕುವುದೆಲ್ಲ ಮುಳುಗಿ ಎದ್ದರೂ ಕೆಡದಂಥದ್ದಾಗಿರಬೇಕು: ಮರದ ಬೆಂಚಿನ ಬದಲು ಬಂಡೆ, ಕೀಲಿಲ್ಲದ ಕಾಂಕ್ರೀಟ್, ವಿದ್ಯುತ್ ಪೆಟ್ಟಿಗೆಗಳು ನೆರೆಮಟ್ಟಕ್ಕಿಂತ ಮೇಲೆ. ಹೂವಿನ ಮಡಿಗಳನ್ನು ಮೇಲಿನ ಇಳಿಜಾರಿಗೆ ಸೀಮಿತಗೊಳಿಸದಿದ್ದರೆ ಪ್ರತಿ ನೆರೆಗೂ ಹೊಸ ಮಣ್ಣು, ಹೊಸ ಸಸಿ, ಹೊಸ ಬಿಲ್ಲು. ಗ್ರೀನ್‌ವಿಲ್ ಉದ್ಯಾನದ ಆರೈಕೆಗೆಂದು ಖಾಸಗಿ ದೇಣಿಗೆಯ ಪ್ರತ್ಯೇಕ ದತ್ತಿನಿಧಿ ಇದೆ. ಕಟ್ಟುವ ದುಡ್ಡಿಗೆ ರಿಬ್ಬನ್ ಕತ್ತರಿಸುವವರು ಸಿಗುತ್ತಾರೆ, ಕಳೆ ಕೀಳುವ ದುಡ್ಡಿಗೆ ಸಿಗುವುದಿಲ್ಲ ಎಂಬುದನ್ನು ಮೊದಲೇ ಬಲ್ಲವರು ಮಾಡಿದ ವ್ಯವಸ್ಥೆ ಅದು.

ನದಿಯ ಮೇಲ್ದಂಡೆಯ ಕಥೆ ಬೇರೆ. ಪೇಟೆಯ ಪಶ್ಚಿಮಕ್ಕೆ ಕಪ್ಪುವರ್ಣೀಯರ ಕೇರಿಯ ಪಕ್ಕ, ಅವರ ಮಕ್ಕಳಿಗೆಂದು 1920ರ ದಶಕದಲ್ಲಿ ಸಿಕ್ಕ ಮೇಬೆರಿ ಪಾರ್ಕ್ ಇತ್ತು. ಆಮೇಲಿನ ದಶಕದಲ್ಲಿ ಅದರ ಒಂದು ಭಾಗವನ್ನು ಬಿಳಿಯರ ಬೇಸ್‌ಬಾಲ್ ಮೈದಾನಕ್ಕೆ ತೆಗೆದುಕೊಂಡರು. ನಗರದ ಲಾರಿ, ಯಂತ್ರಗಳನ್ನು ನಿಲ್ಲಿಸುವ ಅಂಗಳವೂ ಅಲ್ಲೇ ಬಂತು. ಫಾಲ್ಸ್ ಪಾರ್ಕ್ ತೆರೆದು ಹದಿನೆಂಟು ವರ್ಷವಾದ ಮೇಲೆ, 2022ರ ಮೇ ತಿಂಗಳಲ್ಲಿ, ಆ 60 ಎಕರೆ ಯೂನಿಟಿ ಪಾರ್ಕ್ ಆಯಿತು. ಇಲ್ಲಿ ನದಿಯ ಪಾತ್ರವನ್ನೇ ಅಗಲಿಸಿ, ದಂಡೆಯನ್ನು ಇಳಿಜಾರು ಮಾಡಿ ನೆರೆನೀರಿಗೆ ಹರಡಲು ಜಾಗ ಕೊಟ್ಟಿದ್ದಾರೆ. ಅಷ್ಟು ಹೊತ್ತಿಗೆ ಊರಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು: ಪಾರ್ಕ್ ಬಂದ ಕಡೆ ಬಾಡಿಗೆ ಏರುತ್ತದೆ, ಏರಿದ ಬಾಡಿಗೆಗೆ ಮೊದಲು ಜಾಗ ಖಾಲಿ ಮಾಡುವವರು ಅಲ್ಲಿ ಮುಂಚಿನಿಂದ ಇದ್ದವರೇ. ಅದಕ್ಕೆಂದು ನಗರಾಡಳಿತ ಉದ್ಯಾನದ ಸುತ್ತ ಎಂಟು ಎಕರೆಯಷ್ಟು ಜಮೀನನ್ನು ಕೈಗೆಟಕುವ ಬಾಡಿಗೆಯ ಮನೆಗಳಿಗೆ ತೆಗೆದಿಟ್ಟಿತು. 2004ರಲ್ಲಿ ಜಲಪಾತದ ಸುತ್ತ ಹೀಗೆ ಯಾರೂ ಜಮೀನು ತೆಗೆದಿಟ್ಟಿರಲಿಲ್ಲ, ಈಗ ಅಲ್ಲಿ ಕೊಳ್ಳುವ ಬೆಲೆಗೆ ಜಮೀನು ಉಳಿದಿಲ್ಲ.